ಹಳೆಯ 15 ಎಂಎಂ ಲೆನ್ಸ್: ಫುಲ್ ಫ್ರೇಮ್‌ನಲ್ಲಿ ಮೂಲೆ ಮಸುಕು, ಅಂಚಿಗೆ ನೇರಳೆ ಛಾಯೆ

ಕೋನ15:
ಲೈಕಾ ಎಂ ಮೌಂಟಿನ (ಕ್ಯಾಮೆರಾಗೆ ಲೆನ್ಸ್ ಕೂರುವ ಜಾಗ) ಹಳೆಯ 15 ಎಂಎಂ ಎಫ್/4.5 ಲೆನ್ಸ್. ಅಡಾಪ್ಟರ್ ಹಾಕಿ ಸೋನಿ ಫುಲ್ ಫ್ರೇಮ್ (ಸೆನ್ಸರ್ 35 ಎಂಎಂ ಫಿಲ್ಮ್ ಫ್ರೇಮಿನಷ್ಟೇ ದೊಡ್ಡದು) ಬಾಡಿಯಲ್ಲಿ ಬಳಸುತ್ತಿದ್ದೇನೆ. ನಡುಭಾಗ ಚೂಪು. ಮೂಲೆಗಳು ಅಪರ್ಚರ್ ಎಫ್/8ಕ್ಕೆ ಕಿರಿದು ಮಾಡಿದರೂ ಕಲಸಿದ ಹಾಗೆ, ಅಂಚಿಗೆ ನೇರಳೆ ಛಾಯೆ ಬೇರೆ. ಫಿಲ್ಮಿನಲ್ಲಿ ಇದೇ ಲೆನ್ಸ್ ಚೆನ್ನಾಗಿದೆ. ತಪ್ಪು ಅಡಾಪ್ಟರಿನದಾ?

ಬೆಳಕಿಂಡಿ:
ಫಿಲ್ಮಿನಲ್ಲಿ ಸರಿ ಇದ್ದರೆ ಲೆನ್ಸಿನ ಮೇಲೆ ಅನುಮಾನ ಬೇಡ ಸರ್. ಎಂ ಮೌಂಟಿನಿಂದ ಫಿಲ್ಮಿಗೆ 27.8 ಎಂಎಂ ಅಷ್ಟೇ, ನಡುವೆ ಎಸ್‌ಎಲ್‌ಆರ್‌ನಂತೆ ವ್ಯೂಫೈಂಡರಿಗೆ ನೋಟ ಕೊಡುವ ಕನ್ನಡಿಯೂ ಇಲ್ಲ. ಹಾಗಾಗಿ ಹಳೆಯ ವೈಡ್ ಲೆನ್ಸ್‌ಗಳ ಹಿಂದಿನ ಗಾಜು ತೀರಾ ಒಳಗೆ ಕೂರುತ್ತದೆ, ಮೂಲೆಗೆ ಬೆಳಕು ಬಹಳ ಓರೆಯಾಗಿ ಬೀಳುತ್ತದೆ. ಸೋನಿ ಸೆನ್ಸರಿನ ಮುಂದೆ ಸುಮಾರು 2 ಎಂಎಂ ಗಾಜಿದೆ. ಓರೆ ಕಿರಣ ಅದನ್ನು ದಾಟುವಾಗ ಫೋಕಸ್ ಚದುರುತ್ತದೆ. ಲೈಕಾದ ಡಿಜಿಟಲ್ ಎಂ ಬಾಡಿಗಳಲ್ಲಿ ಈ ಗಾಜು 1 ಎಂಎಂಗಿಂತ ತೆಳು. ಬಿಎಸ್‌ಐ ಸೆನ್ಸರ್ (ವೈರಿಂಗ್ ಹಿಂದಕ್ಕೆ ಸರಿದು, ಓರೆ ಬೆಳಕನ್ನೂ ಚೆನ್ನಾಗಿ ಹಿಡಿಯುವಂಥದ್ದು) ಬಂದ ಮೇಲೆ ನೇರಳೆ ಛಾಯೆ ಕಡಿಮೆಯಾಯಿತು, ಮಸುಕು ಹಾಗೇ ಉಳಿಯಿತು. ಅದು ಗಾಜಿನ ಕೆಲಸ.

ಟ್ರೈಪಾಡ್_ಪ್ರಿಯ:
ಒಪ್ಪಿದೆ, ಆದರೆ ಅಡಾಪ್ಟರನ್ನು ಪರೀಕ್ಷಿಸದೆ ಬಿಡಬೇಡಿ. ಗೋಡೆಯ ಫೋಟೊ ತೆಗೆಯಬೇಡಿ, ಕ್ಯಾಮೆರಾ ಕೊಂಚ ಓರೆಯಾದರೂ ಫಲಿತಾಂಶ ಸುಳ್ಳಾಗುತ್ತದೆ. ದೂರದ ಮೊಬೈಲ್ ಟವರಿಗೆ ಫ್ರೇಮಿನ ನಡುವಿನಲ್ಲಿ, ಎಫ್/5.6ರಲ್ಲಿ ಫೋಕಸ್ ಮಾಡಿ. ರಿಂಗ್ ಮುಟ್ಟದೆ ಕ್ಯಾಮೆರಾ ತಿರುಗಿಸಿ, ಅದೇ ಟವರ್ ನಾಲ್ಕೂ ಮೂಲೆಗೆ ಬರುವಂತೆ ಒಂದೊಂದು ಶಾಟ್. ನಾಲ್ಕೂ ಒಂದೇ ಥರ ಮಸುಕಾದರೆ ಸೆನ್ಸರಿನ ಮುಂದಿನ ಗಾಜಿನ ದೋಷ. ಒಂದೇ ಬದಿ ಕೆಟ್ಟರೆ ಅದೇ ಅಡಾಪ್ಟರಿಗೆ ಬೇರೆ ಲೆನ್ಸ್ ಹಾಕಿ ನೋಡಿ. ಆಗಲೂ ಅದೇ ಬದಿ ಹೋದರೆ ಅಡಾಪ್ಟರ್ ವಾಲಿದೆ.

ಆಮೇಲೆ ಮೂಲೆಗೇ ಫೋಕಸ್ ಮಾಡಿ. ಅಲ್ಲಿ ಚೂಪಾದರೆ ಫೀಲ್ಡ್ ಕರ್ವೇಚರ್ (ಫೋಕಸ್ ಬೀಳುವ ತಲ ಚಪ್ಪಟೆಯಾಗಿರದೆ ಬಾಗಿರುವುದು): ನಡುವಿಗೂ ಅಂಚಿಗೂ ಮಧ್ಯೆ ಫೋಕಸ್ ಇಟ್ಟು ಎಫ್/11ಕ್ಕೆ ಇಳಿಸಿ. ಚೂಪಾಗದಿದ್ದರೆ ಅಸ್ಟಿಗ್ಮ್ಯಾಟಿಸಂ (ಬೇರೆ ಬೇರೆ ದಿಕ್ಕಿನ ಗೆರೆಗಳು ಒಂದೇ ಕಡೆ ಫೋಕಸ್ ಆಗದಿರುವುದು), ಆ ಮೂಲೆಯ ಆಸೆ ಬಿಡಿ. ಎಫ್/16 ದಾಟಿದರೆ ಡಿಫ್ರಾಕ್ಷನ್ (ಕಿರಿದಾದ ಅಪರ್ಚರಿನಲ್ಲಿ ಬೆಳಕು ಹರಡುವುದು) ನಡುಭಾಗವನ್ನೂ ತಿನ್ನುತ್ತದೆ.

ರಾ_ಫೈಲ್:
ಬಣ್ಣಕ್ಕೆ ಪರಿಹಾರ ಇದೆ. ಹಾಲುಬಿಳಿ ಅಕ್ರಿಲಿಕ್ ತುಂಡನ್ನು ಲೆನ್ಸಿಗೆ ಒತ್ತಿ ಹಿಡಿದು, ಅದೇ ಅಪರ್ಚರ್, ಅದೇ ಫೋಕಸ್‌ನಲ್ಲಿ ಒಂದು ರಾ (ಸಂಸ್ಕರಿಸದ ಫೈಲ್) ಶಾಟ್ ತೆಗೆಯಿರಿ. ಲೈಟ್‌ರೂಮ್ ಕ್ಲಾಸಿಕ್‌ನ ಲೈಬ್ರರಿ ಮೆನುವಿನಲ್ಲಿ ಫ್ಲಾಟ್-ಫೀಲ್ಡ್ ಕರೆಕ್ಷನ್ ಇದೆ, ಕ್ಯಾಪ್ಚರ್ ಒನ್‌ನಲ್ಲಿ ಎಲ್‌ಸಿಸಿ; ಎರಡೂ ಈ ಬಿಳಿ ಶಾಟನ್ನು ಅಳತೆಯಾಗಿಟ್ಟು ಅಂಚಿನ ಬಣ್ಣ, ಕಪ್ಪು ಸರಿಪಡಿಸುತ್ತವೆ. ಅಪರ್ಚರ್ ಬದಲಾದರೆ ಹೊಸ ಶಾಟ್ ಬೇಕು. ಇಂಥ ಲೆನ್ಸಿನಲ್ಲಿ ಮೂಲೆ ಸುಮಾರು 3 ಸ್ಟಾಪ್ (ಅಂದರೆ ಬೆಳಕು ಎಂಟರಲ್ಲೊಂದು ಪಾಲು) ಕಪ್ಪಾಗಿರುತ್ತದೆ. ಅದನ್ನು ಎತ್ತಿದರೆ ನಾಯ್ಸ್ ಏಳುತ್ತದೆ, ಐಎಸ್‌ಒ 100 ದಾಟಬೇಡಿ.

ಕೋನ15:
ಥ್ಯಾಂಕ್ಸ್. ಲೆನ್ಸ್ ಬದಲಿಸುವುದಾದರೆ?

ಬೆಳಕಿಂಡಿ:
ಫೋಕ್ಟ್‌ಲ್ಯಾಂಡರ್ 15 ಎಂಎಂ ಹೆಲಿಯಾರ್‌ನ ಸೋನಿ ಇ-ಮೌಂಟ್ ಆವೃತ್ತಿ ನೋಡಿ, ಸೋನಿಯ ಗಾಜಿನ ಲೆಕ್ಕ ಹಾಕಿಯೇ ಮಾಡಿದ್ದು. ಅಗ್ಗಕ್ಕೆ ಬೇಕಾದರೆ ನಿಕಾನ್ ಎಫ್ ಮೌಂಟಿನ ಹಳೆಯ 20 ಎಂಎಂ: ಕನ್ನಡಿಗೆ ಜಾಗ ಬಿಡಲು 46.5 ಎಂಎಂ ದೂರ ಇಟ್ಟಿರುವುದರಿಂದ ಕಿರಣಗಳು ಅಷ್ಟು ಓರೆಯಾಗಿ ಬೀಳುವುದಿಲ್ಲ. ಆದರೆ ನೋಟದ ಕೋನ 110 ಡಿಗ್ರಿಯಿಂದ 94ಕ್ಕೆ ಇಳಿಯುತ್ತದೆ.