ಪದ ಬೇಕಿದೆ (ತುರ್ತು): ‘ವ್ಯಾಲಿ ಗ್ಯಾಪ್’ಗೆ ಕನ್ನಡ

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದ ನಮ್ಮ ಕಾಲೇಜಿನ ವಿಜ್ಞಾನ ಪ್ರದರ್ಶನಕ್ಕೆ ಕ್ವಾಂಟಮ್ ಹಾಲ್ ಪರಿಣಾಮದ (ವಿದ್ಯುತ್ ಹರಿವಿಗೆ ಅಡ್ಡಲಾಗಿ ಅಳೆದ ರೋಧ, ಅಂದ್ರೆ ಹಾಲ್ ರೋಧ, ಮೆಟ್ಟಿಲು ಮೆಟ್ಟಿಲಾಗಿ ಬದಲಾಗೋದು) ಫಲಕ ಬರೀತಿದ್ದೇನೆ. ನಾಳೆ ಸಂಜೆ ಅಚ್ಚಿಗೆ ಹೋಗಬೇಕು. 1980ರಲ್ಲಿ ಜರ್ಮನ್ ಭೌತವಿಜ್ಞಾನಿ ಫಾನ್ ಕ್ಲಿಟ್ಸಿಂಗ್ ಇದನ್ನು ಕಂಡಿದ್ದು ಸಿಲಿಕಾನ್ ಟ್ರಾನ್ಸಿಸ್ಟರ್‌ನ ತೆಳು ಎಲೆಕ್ಟ್ರಾನ್ ಪದರದಲ್ಲಿ. ಬಲವಾದ ಕಾಂತಕ್ಷೇತ್ರದಲ್ಲಿ ಎಲೆಕ್ಟ್ರಾನುಗಳ ಶಕ್ತಿ ಹಂತ ಹಂತವಾಗಿ ಒಡೆಯುತ್ತೆ. ಎರಡು ಹಂತಗಳ ನಡುವಿನ ಶಕ್ತಿಯ ವ್ಯತ್ಯಾಸವೇ ಗ್ಯಾಪ್. ತುಂಬಿದ ಹಂತಗಳು 4, 8, 12 ಆದಾಗ ಎದುರಾಗೋದು ಎಲೆಕ್ಟ್ರಾನಿನ ಸುತ್ತಾಟದಿಂದ ಬರುವ ಸೈಕ್ಲೋಟ್ರಾನ್ ಗ್ಯಾಪ್, 2, 6, 10ಕ್ಕೆ ಸ್ಪಿನ್ ಅನ್ನೋ ಅದರ ಒಳಗುಣದಿಂದ ಬರುವ ಸ್ಪಿನ್ ಗ್ಯಾಪ್, ಬೆಸ ಸಂಖ್ಯೆಗೆ ವ್ಯಾಲಿ ಗ್ಯಾಪ್ (ವ್ಯಾಲಿ ಅಂದ್ರೆ ಹರಳಿನೊಳಗಿನ ಎಲೆಕ್ಟ್ರಾನಿನ ಶಕ್ತಿಯ ನಕ್ಷೆಯಲ್ಲಿನ ತಗ್ಗು). ಗ್ಯಾಪ್‌ಗೆ ‘ಕಂದರ’ ಅನ್ನೋಣ ಅಂದ್ರೆ ವ್ಯಾಲಿ ಆಗಲೇ ‘ಕಣಿವೆ’. ‘ಕಣಿವೆ ಕಂದರ’ ಅಂತ ಓದಿದರೆ ನಮ್ಮ ಕಡೆ ಆಗುಂಬೆ ಘಾಟಿಯೇ ಕಣ್ಣಿಗೆ ಬರುತ್ತೆ. ‘ಅಂತರ’ ಅಂದ್ರೆ ಮಕ್ಕಳು ಎಷ್ಟು ಮೀಟರ್ ಅಂತಾರೆ. ಗ್ಯಾಪ್ ಅನ್ನೋದು ಶಕ್ತಿ, ಅದರ ಅಳತೆ ಮಿಲಿ ಎಲೆಕ್ಟ್ರಾನ್ ವೋಲ್ಟ್‌ನಲ್ಲಿ. 10 ಟೆಸ್ಲಾ ಕಾಂತಕ್ಷೇತ್ರಕ್ಕೆ ಸೈಕ್ಲೋಟ್ರಾನ್ ಗ್ಯಾಪ್ ಸುಮಾರು 6.

ತೀರ್ಥಹಳ್ಳಿಯಿಂದ:
‘ತೆರಪು’. ಹಳಗನ್ನಡದಲ್ಲಿ ತೆಱಪು, ಶಕಟರೇಫ (ಹಳೆಯ ‘ಱ’ ಅಕ್ಷರ). ತೆಱೆ ಅಂದ್ರೆ ತೆರೆದುಕೊಳ್ಳು. ಅಲೆ ಅನ್ನೋ ‘ತೆರೆ’ ಬೇರೆ. ಕಾಂತಕ್ಷೇತ್ರ ಏರಿದಂತೆ ತೆರಪು ದೊಡ್ಡದಾಗುತ್ತೆ, ಅರ್ಥವೂ ಕೂಡುತ್ತೆ. ‘ಶಕ್ತಿ’ ಅನ್ನೋ ಪದವನ್ನೂ ಬಿಡಿ, ‘ಕಸುವು’ ಇದೆ.

ಸಾಗರದಿಂದ:
ತೆರಪು ಈಗ ಯಾರ ಬಾಯಲ್ಲಿದೆ ಸಾರ್? ‘ಸಂದಿ’ ಸಾಕು.

ತೀರ್ಥಹಳ್ಳಿಯಿಂದ:
ಸಂಸ್ಕೃತದ ಸಂಧಿಯೇ ಸಂದಿ. ಕೂಡುವ ಜಾಗ. ಬೇಡ.

ಶಿಕಾರಿಪುರದಿಂದ:
‘ಎಡೆ’ ಯಾಕಾಗಬಾರದು? ಮೆಕ್ಕೆಜೋಳದ ಸಾಲಿನ ನಡುವೆ ಎಡೆಕುಂಟೆ ಹೊಡೀತೀವಲ್ಲ, ಆ ಎಡೆ. ಅಲ್ಲಿ ಬೆಳೆ ಇರಲ್ಲ, ಕಳೆ ಇರುತ್ತೆ. ಇಲ್ಲೂ ಹಾಗೇ. ಹರಳಿನ ದೋಷಕ್ಕೆ ಸಿಕ್ಕಿಬಿದ್ದ ಎಲೆಕ್ಟ್ರಾನುಗಳು ಗ್ಯಾಪ್‌ನೊಳಗೆ ಕೂತಿರುತ್ತವೆ, ವಿದ್ಯುತ್ ಸಾಗಿಸಲ್ಲ. ಹಾಲ್ ರೋಧದ ಗೆರೆ ಅಷ್ಟುದ್ದ ಸಮತಟ್ಟಾಗಿ ನಿಲ್ಲೋದು ಅದರಿಂದಲೇ. ಪೂರ್ತಿ ಖಾಲಿ ಅನ್ನೋ ಪದ ತಂದರೆ ಭೌತಶಾಸ್ತ್ರವೇ ತಪ್ಪುತ್ತೆ.

ಸಾಗರದಿಂದ:
ಎಡೆ ಅಂದ್ರೆ ಜನಕ್ಕೆ ದೇವರ ಮುಂದಿನ ಎಡೆ. ಎಲೆಕ್ಟ್ರಾನ್, ಸಿಲಿಕಾನ್, ಸ್ಪಿನ್ ಎಲ್ಲ ಇಟ್ಟುಕೊಂಡು ಗ್ಯಾಪ್ ಒಂದನ್ನೇ ಯಾಕೆ ಆಚೆ ಹಾಕ್ತೀರಿ? ಬಸ್ಸು, ಡಿಪೋ ಬಂದಿಲ್ವಾ?

ತೀರ್ಥಹಳ್ಳಿಯಿಂದ:
ಬಸ್ಸು ಬಂದಾಗ ನಮ್ಮಲ್ಲಿ ಬಸ್ಸಿರಲಿಲ್ಲ. ತೆರಪು, ಎಡೆ ಎರಡೂ ಮೊದಲಿಂದ ಇವೆ. ಇದ್ದದ್ದನ್ನು ಒದ್ದು ಸಾಲ ತರೋದಕ್ಕೆ ನಾನು ಒಪ್ಪಲ್ಲ.

ಶಿವಮೊಗ್ಗದಿಂದ:
ಕಳೆಯ ಮಾತಿಗಾಗಿ ‘ಎಡೆ’ಯನ್ನೇ ಹಾಕ್ತೀನಿ. ಸಿಲಿಕಾನ್ ಹರಳಿನ ಆರು ಕಣಿವೆಗಳಲ್ಲಿ ಈ ಪದರದಲ್ಲಿ ಲೆಕ್ಕಕ್ಕೆ ಬರೋದು ಎರಡೇ. ಹಾಗಾದರೆ ‘ಕಣಿವೆ ಎಡೆ’ ಸಾಕಾ, ‘ಕಣಿವೆಗಳ ನಡುವಿನ ಎಡೆ’ ಅಂತ ಬಿಡಿಸಬೇಕಾ? ಬೆಳಿಗ್ಗೆಯೊಳಗೆ ಹೇಳಿ.