ಡ್ಯುಯಲ್ ಸ್ಟ್ಯಾಕ್, ಸಿಜಿನ್ಯಾಟ್, ಪ್ರಿಫಿಕ್ಸ್: ರೂಟರ್ ಪೇಜಲ್ಲಿ ಕಾಣೋ ಈ ಪದಗಳೆಲ್ಲ ಏನು?

ಪ್ರಶ್ನೆ: ನಮಸ್ಕಾರ ಮೇಡಂ, ತೀರ್ಥಹಳ್ಳಿ ಹತ್ರ ನಮ್ಮನೆಗೆ ಹೋದ ತಿಂಗಳು ಫೈಬರ್ ಹಾಕ್ಸಿದೀವಿ. ಅಡಿಕೆ ಒಣಗ್ಸೋ ಅಂಗಳಕ್ಕೆ ಎರಡು ಕ್ಯಾಮೆರಾ ಇದೆ, ಅವನ್ನ ರೆಕಾರ್ಡ್ ಮಾಡೋ ಡಿವಿಆರ್ ಹಳೇದು, ನಾನಿರೋದು ಬೆಂಗ್ಳೂರಲ್ಲಿ, ಇಲ್ಲಿಂದ ನೋಡೋಣ ಅಂತ ಊರಿಗೆ ಹೋದಾಗ ಪೋರ್ಟ್ ಫಾರ್ವರ್ಡ್ ಮಾಡಿ ಬಂದೆ, ಏನ್ ಮಾಡಿದ್ರೂ ಓಪನ್ ಆಗ್ತಿಲ್ಲ. ರೂಟರ್ ಪೇಜಲ್ಲಿ ವ್ಯಾನ್ ಐಪಿ 100.83 ಅಂತ ಶುರುವಾಗುತ್ತೆ, ಅದೇ ವೈಫೈನಲ್ಲಿ ನನ್ನ ಐಪಿ ಏನು ಅಂತ ಗೂಗಲ್ ಮಾಡಿದ್ರೆ 103ರಿಂದ ಶುರುವಾಗೋ ಬೇರೇನೋ ಬರುತ್ತೆ. ಕೆಳಗಡೆ ಡ್ಯುಯಲ್ ಸ್ಟ್ಯಾಕ್, ಪ್ರಿಫಿಕ್ಸ್ ಡೆಲಿಗೇಷನ್ ಅಂತೆಲ್ಲ ಇದೆ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದ್ರೆ ರೀಸ್ಟಾರ್ಟ್ ಮಾಡಿ ಅಂತಾರೆ.

ಉತ್ತರ: ರೀಸ್ಟಾರ್ಟ್‌ನಿಂದ ಇದು ಸರಿಯಾಗಲ್ಲ ಸರ್. ಆ ಎರಡು ನಂಬರ್ ಪಕ್ಕಪಕ್ಕ ಇಟ್ಟು ನೋಡಿದ್ರಲ್ಲ, ಅಲ್ಲೇ ಉತ್ತರ ಇದೆ. 100.64ರಿಂದ 100.127ರವರೆಗಿನ ಅಡ್ರೆಸ್‌ಗಳನ್ನ 2012ರಲ್ಲಿ ಇಂಟರ್ನೆಟ್ ಕಂಪನಿಗಳ ಒಳಗಿನ ಬಳಕೆಗೆ ಅಂತಲೇ ತೆಗೆದಿಟ್ರು. ವ್ಯಾನ್ ಐಪಿ, ಅಂದ್ರೆ ಕಂಪನಿ ನಿಮ್ಮ ರೂಟರ್‌ಗೆ ಕೊಟ್ಟಿರೋ ಅಡ್ರೆಸ್, ಆ ಸಾಲಲ್ಲಿದ್ರೆ ನೀವು ಸಿಜಿನ್ಯಾಟ್ ಹಿಂದೆ ಇದೀರಿ ಅಂತ, ಅಂದ್ರೆ ಕಂಪನಿ ಒಂದೇ ಪಬ್ಲಿಕ್ ಐಪಿನ ಹಲವು ಮನೆಗಳಿಗೆ ಹಂಚ್ತಿದೆ.

ಹಳೇ ಬೆಂಗ್ಳೂರಿನ ವಠಾರ ನೆನಪು ಮಾಡ್ಕೊಳಿ. ಬೀದಿಗೆ ಒಂದೇ ಗೇಟು, ಒಂದೇ ಡೋರ್ ನಂಬರು, ಒಳಗೆ ಹತ್ತಿಪ್ಪತ್ತು ಮನೆ. ಒಳಗಿರೋರು ಹೊರಗೆ ಹೋಗಿ ಬರೋದಕ್ಕೆ ಏನೂ ತೊಂದ್ರೆ ಇಲ್ಲ, ಆದ್ರೆ ಹೊರಗಿನವರು ಬರೀ ಡೋರ್ ನಂಬರ್ ಹಿಡ್ಕೊಂಡು ಬಂದ್ರೆ ಗೇಟ್ ಹತ್ರಾನೇ ನಿಲ್ಬೇಕು, ಯಾವ ಮನೆ ಅಂತ ಹೇಳೋರಿಲ್ಲ. ನೀವು ಮಾಡಿದ ಪೋರ್ಟ್ ಫಾರ್ವರ್ಡ್, ಅಂದ್ರೆ ಹೊರಗಿಂದ ಬಂದವರನ್ನ ಡಿವಿಆರ್ ಹತ್ರ ಕಳಿಸು ಅಂತ ರೂಟರ್‌ಗೆ ಹೇಳಿದ್ದು, ನಿಮ್ಮ ಮನೆ ಬಾಗಿಲಿಗೆ ಮಾತ್ರ, ಗೇಟು ಕಂಪನಿ ಕೈಲಿದೆ. ಹೀಗ್ಯಾಕೆ ಮಾಡ್ತಾರೆ ಅಂದ್ರೆ ಐಪಿವಿ4 ಅಡ್ರೆಸ್ ಇರೋದೇ ಸುಮಾರು 430 ಕೋಟಿ, ಜಗತ್ತಿನ ದಾಸ್ತಾನು 2011ರ ಫೆಬ್ರವರೀಲಿ ಮುಗೀತು, ನಮ್ಮ ಏಷ್ಯಾ ಪೆಸಿಫಿಕ್ ಪಾಲು ಅದೇ ಏಪ್ರಿಲ್‌ನಲ್ಲಿ ಕೊನೇ ತುಂಡಿಗೆ ಬಂತು, ಅದಾದ್ಮೇಲೆ ಶುರುವಾದ ಸಣ್ಣ ಕಂಪನಿಗಳಿಗೆ ಒಬ್ಬೊಬ್ಬ ಗ್ರಾಹಕನಿಗೂ ಒಂದೊಂದು ಕೊಡೋಷ್ಟು ಸಿಗೋದೇ ಇಲ್ಲ.

ಇನ್ನು ಡ್ಯುಯಲ್ ಸ್ಟ್ಯಾಕ್. ಒಂದೇ ಫೈಬರ್ ಮೇಲೆ ಹಳೇ ಐಪಿವಿ4, ಹೊಸ ಐಪಿವಿ6 (ಚಿಕ್ಕದಾಗಿ ವಿ4, ವಿ6) ಎರಡೂ ಓಡುತ್ತೆ, ರೂಟರ್‌ಗೂ ಎರಡೂ ಅಡ್ರೆಸ್ ಬರುತ್ತೆ. ಆದ್ರೆ ಒಂದು ಮಾತು ಚೆನ್ನಾಗಿ ನೆನಪಿಟ್ಕೊಳಿ, ಅವೆರಡೂ ಒಂದರ ಜೊತೆ ಒಂದು ಮಾತಾಡಲ್ಲ, ಡ್ಯುಯಲ್ ಸ್ಟ್ಯಾಕ್ ಅನುವಾದ ಮಾಡ್ಕೊಡಲ್ಲ. ವಿ4 ಮಾತ್ರ ಗೊತ್ತಿರೋ ಡಿವಿಆರ್‌ಗೆ ವಿ6 ಇದ್ರೂ ಪ್ರಯೋಜನ ಇಲ್ಲ.

ಪ್ರಿಫಿಕ್ಸ್ ಡೆಲಿಗೇಷನ್ ನಿಮಗೆ ಬೇಗ ಅರ್ಥ ಆಗುತ್ತೆ, ಜಮೀನಿನ ಲೆಕ್ಕ ಅದು. ಕಂಪನಿ ನಿಮಗೆ ಒಂದು ಸರ್ವೆ ನಂಬರ್ ಬರ್ಕೊಡುತ್ತೆ, ಅದೇ ಪ್ರಿಫಿಕ್ಸ್, ಅಂದ್ರೆ ಒಂದೇ ಥರ ಶುರುವಾಗೋ ವಿ6 ಅಡ್ರೆಸ್‌ಗಳ ದೊಡ್ಡ ಗುಂಪು, ಉದಾಹರಣೆಗೆ ಸ್ಲ್ಯಾಶ್ 56 (ಸ್ಲ್ಯಾಶ್ ನಂಬರ್ ಚಿಕ್ಕದಾದಷ್ಟೂ ಗುಂಪು ದೊಡ್ಡದು), ರೂಟರ್ ಅದನ್ನ ಸ್ಲ್ಯಾಶ್ 64ರ ಹಿಸ್ಸಾಗಳಾಗಿ ಮಾಡುತ್ತೆ, ಒಟ್ಟು 256 ಹಿಸ್ಸಾ. ಮನೆ ವೈಫೈಗೊಂದು, ಕ್ಯಾಮೆರಾಗಳಿಗೊಂದು ಅಂತ ಬೇರೆ ಮಾಡ್ಬೋದು. ಕೆಲವು ಕಡೆ ಒಂದೇ ಒಂದು ಸ್ಲ್ಯಾಶ್ 64 ಕೊಟ್ಟು ಕೈ ತೊಳ್ಕೊಂತಾರೆ, ಅದು ನಂಗೆ ಒಪ್ಪಿಗೆ ಇಲ್ಲ, ವಿ6ನಲ್ಲೂ ಜಿಪುಣತನ ಮಾಡೋ ಅಗತ್ಯ ಏನಿದೆ.

ನಿಮಗೆ ದಾರಿ ಎರಡು. ತಿಂಗಳಿಗೆ ಇಷ್ಟು ಅಂತ ಕೊಟ್ಟು ಸ್ಟಾಟಿಕ್, ಅಂದ್ರೆ ಬದಲಾಗದ ಪಬ್ಲಿಕ್ ವಿ4 ತಗೊಳಿ, ಅಥವಾ ವಿ6 ಗೊತ್ತಿರೋ ಎನ್‌ವಿಆರ್, ಅಂದ್ರೆ ನೆಟ್‌ವರ್ಕ್ ಕ್ಯಾಮೆರಾಗಳ ರೆಕಾರ್ಡರ್, ಹಾಕ್ಸಿ. ಕಸ್ಟಮರ್ ಕೇರ್‌ಗೆ ಮತ್ತೆ ಫೋನ್ ಮಾಡಿದ್ರೆ ಕ್ಯಾಮೆರಾ ಬರ್ತಿಲ್ಲ ಅನ್ಬೇಡಿ, ಸಿಜಿನ್ಯಾಟ್‌ನಿಂದ ಹೊರಗೆ ತೆಗೀರಿ, ಪಬ್ಲಿಕ್ ಐಪಿ ಬೇಕು ಅಂತ ಕೇಳಿ, ಆಗ ಕಾಲ್ ಟೆಕ್ನಿಕಲ್ ಟೀಮಿಗೆ ಹೋಗೋ ಸಾಧ್ಯತೆ ಜಾಸ್ತಿ.

ಇನ್ನೊಬ್ಬರು: ಅಕ್ಕಾ, ವಿ6 ಆಫ್ ಮಾಡಿದ್ರೆ ಸ್ಪೀಡ್ ಜಾಸ್ತಿ ಆಗುತ್ತೆ ಅಂತ ವೀಡಿಯೋ ನೋಡಿ ಆಫ್ ಮಾಡಿದೀನಿ, ಕೆಲವು ಸೈಟ್ ಅರ್ಧ ಲೋಡ್ ಆಗಿ ನಿಲ್ತಿತ್ತು, ಈಗ ಸರಿ ಇದೆ. ಹಾಗೇ ಬಿಡ್ಲಾ?

ಉತ್ತರ: ಬಿಡಬೇಡಪ್ಪ, ಆನ್ ಮಾಡು. ಅರ್ಧಕ್ಕೆ ನಿಲ್ಲೋದು ಹೆಚ್ಚಾಗಿ ಎಂಟಿಯು, ಅಂದ್ರೆ ಒಂದು ಪ್ಯಾಕೆಟ್ ಎಷ್ಟು ದೊಡ್ಡದಿರ್ಬೋದು ಅನ್ನೋ ಮಿತಿಯ ಸಮಸ್ಯೆ. ರೂಟರ್‌ನಲ್ಲಿ ಯೂಸರ್‌ನೇಮ್, ಪಾಸ್‌ವರ್ಡ್ ಹಾಕಿ ಕನೆಕ್ಟ್ ಆಗೋ ಪಿಪಿಪಿಒಇ ಲೈನಲ್ಲಿ ಸಾಮಾನ್ಯವಾಗಿ ಒಂದು ಪ್ಯಾಕೆಟ್ 1492 ಬೈಟ್ ದಾಟಂಗಿಲ್ಲ. ವಿ4ನಲ್ಲಿ ದೊಡ್ಡ ಪ್ಯಾಕೆಟ್ ಬಂದ್ರೆ ಮಧ್ಯದ ರೂಟರ್ ತುಂಡು ಮಾಡ್ಬೋದು, ವಿ6ನಲ್ಲಿ ಮಾಡಲ್ಲ, ಪ್ಯಾಕೆಟ್ ದೊಡ್ಡದಾಯ್ತು ಅಂತ ಐಸಿಎಂಪಿವಿ6 ಮೆಸೇಜ್ ವಾಪಸ್ ಕಳಿಸುತ್ತೆ. ಯಾರೋ ಸೆಕ್ಯುರಿಟಿ ಅಂತ ಆ ಮೆಸೇಜೇ ಬ್ಲಾಕ್ ಮಾಡಿದ್ರೆ ಕಳಿಸಿದವರಿಗೆ ಸುದ್ದಿನೇ ಮುಟ್ಟಲ್ಲ, ಪೇಜು ಅಲ್ಲೇ ನಿಂತ್ಬಿಡುತ್ತೆ. ರೂಟರ್‌ನಲ್ಲಿ ಎಂಟಿಯು 1492 ಇದ್ಯಾ ನೋಡು, ಫೈರ್‌ವಾಲಲ್ಲಿ ಐಸಿಎಂಪಿವಿ6 ಬ್ಲಾಕ್ ಮಾಡದೆ ಹೋಗಿಬರೋಕೆ ಬಿಡು. ವಿ6 ಲೈನೇ ಕೆಟ್ಟಿದ್ರೆ ಬ್ರೌಸರ್ ತಾನೇ ನೋಡ್ಕೊಳುತ್ತೆ, ಅದಕ್ಕೆ ಹ್ಯಾಪಿ ಐಬಾಲ್ಸ್ ಅಂತಾರೆ, ಮೊದಲು ವಿ6ನಲ್ಲಿ ಕೇಳುತ್ತೆ, ಸುಮಾರು 250 ಮಿಲಿಸೆಕೆಂಡಲ್ಲಿ ಉತ್ತರ ಇಲ್ಲಾಂದ್ರೆ ವಿ4ನಲ್ಲೂ ಶುರು ಮಾಡುತ್ತೆ, ಯಾವುದು ಮೊದಲು ಸಿಗುತ್ತೋ ಅದು.

ಇನ್ನೊಬ್ಬರು: ನನ್ನ ಆಂಡ್ರಾಯ್ಡ್ ಫೋನಲ್ಲಿ ಮೊಬೈಲ್ ಡೇಟಾ ಹಾಕಿದ್ರೆ ಐಪಿ 192.0.0.4 ಅಂತ ತೋರಿಸ್ತಿದೆ, ಫ್ರೆಂಡ್ ಫೋನಲ್ಲೂ ಅದೇ. ಹ್ಯಾಕ್ ಏನಾದ್ರೂ ಆಗಿದ್ಯಾ?

ಉತ್ತರ: ಇಲ್ಲ ಇಲ್ಲ, ಭಯ ಬೇಡ. ಅದು 464ಎಕ್ಸ್‌ಲ್ಯಾಟ್. ನಿಮ್ಮ ನೆಟ್‌ವರ್ಕ್ ಫೋನಿಗೆ ಬರೀ ವಿ6 ಕೊಟ್ಟಿದೆ, ವಿ4 ಮಾತ್ರ ಗೊತ್ತಿರೋ ಆ್ಯಪ್‌ಗಳಿಗೋಸ್ಕರ ಫೋನೊಳಗೆ ಸಿಲ್ಯಾಟ್ ಅನ್ನೋ ಅನುವಾದಕ ಕೂತಿದೆ, ಆ ನಂಬರ್ ಅದರದ್ದು, ಫೋನ್ ಬಿಟ್ಟು ಹೊರಗೆ ಹೋಗಲ್ಲ, ಹಾಗಾಗಿ ಎಷ್ಟು ಫೋನಲ್ಲಿದ್ರೂ ಜಗಳ ಇಲ್ಲ. ಆ ಕಡೆ ಕಂಪನೀಲಿ ಪಿಲ್ಯಾಟ್ ಅಂತ ಇನ್ನೊಂದು ಅನುವಾದಕ ಇರುತ್ತೆ, ಅದು ವಾಪಸ್ ವಿ4 ಮಾಡಿ ಕಳಿಸುತ್ತೆ.

ಇನ್ನೊಬ್ಬರು: ನಾನು ಜರ್ಮನೀಲಿದೀನಿ, ಕೇಬಲ್ ಇಂಟರ್ನೆಟ್ ಪೇಪರ್‌ನಲ್ಲಿ ಡಿಎಸ್ ಲೈಟ್ ಅಂತಿದೆ, ಅದೂ ಡ್ಯುಯಲ್ ಸ್ಟ್ಯಾಕ್ ತಾನೇ?

ಉತ್ತರ: ಹೆಸರು ಮಾತ್ರ ಹಾಗೆ. ನಿಮ್ಮ ಲೈನ್ ಮೇಲೆ ನಿಜವಾಗಿ ಓಡೋದು ವಿ6 ಒಂದೇ. ನಿಮ್ಮ ರೂಟರ್ ವಿ4 ಪ್ಯಾಕೆಟ್‌ನ ವಿ6 ಲಕೋಟೆಯೊಳಗೆ ಹಾಕಿ ಕಳಿಸುತ್ತೆ, ಕಂಪನೀಲಿ ಎಎಫ್‌ಟಿಆರ್ ಅನ್ನೋ ಮೆಷಿನ್ ಲಕೋಟೆ ಒಡೆದು ನ್ಯಾಟ್ ಮಾಡುತ್ತೆ, ಅಂದ್ರೆ ಹಲವರು ಹಂಚ್ಕೊಳ್ಳೋ ಪಬ್ಲಿಕ್ ಅಡ್ರೆಸ್ ಹಾಕಿ ಹೊರಗೆ ಕಳಿಸುತ್ತೆ. ಅಂದ್ರೆ ವಿ4ಗೆ ನಿಮ್ಮದೂ ವಠಾರಾನೇ.

ಮೊದಲನೆಯವರು: ಮೇಡಂ, ವಿ6 ಇರೋ ಎನ್‌ವಿಆರ್ ಹಾಕ್ಸಿದ್ವಿ. ಮೊಬೈಲ್ ಡೇಟಾದಲ್ಲಿ ಅಂಗಳ ಚೆನ್ನಾಗಿ ಕಾಣ್ತಿದೆ, ಅಪ್ಪ ಅಡಿಕೆ ಹರವ್ತಿರೋದೂ ಕಾಣ್ತು. ಆಫೀಸ್ ವೈಫೈನಲ್ಲಿ ಮಾತ್ರ ಬರ್ತಿಲ್ಲ.

ಉತ್ತರ: ತುಂಬಾ ಖುಷಿ ಆಯ್ತು ಸರ್. ಆಫೀಸಲ್ಲಿ ಬಹುಶಃ ಬರೀ ವಿ4 ಇರ್ಬೇಕು, ನೋಡೋ ಕಡೇನೂ ವಿ6 ಇರ್ಲೇಬೇಕು. ಈಗ ಒಂದು ಕೆಲಸ ಇವತ್ತೇ ಮಾಡಿ. ವಿ6ನಲ್ಲಿ ಸಾಮಾನ್ಯವಾಗಿ ನ್ಯಾಟ್ ಇರಲ್ಲ, ತಡೆಯೋದು ಫೈರ್‌ವಾಲ್ ಒಂದೇ, ಅದನ್ನ ಪೂರ್ತಿ ಆಫ್ ಮಾಡಿದ್ರೆ ಆನ್ ಮಾಡಿ ಎನ್‌ವಿಆರ್‌ನ ಆ ಒಂದು ಪೋರ್ಟ್‌ಗೆ ಮಾತ್ರ ರೂಲ್ ಬರೀರಿ, ಪಾಸ್‌ವರ್ಡ್ ಡಬ್ಬದ ಮೇಲಿಂದೇ ಇದ್ರೆ ಬದಲಾಯಿಸಿ. ಆಮೇಲೆ ಕರೆಂಟ್ ಹೋಗಿ ಬಂದಾಗ ಪ್ರಿಫಿಕ್ಸ್ ಬದಲಾಗ್ಬೋದು, ಅದಕ್ಕೆ ಅಡ್ರೆಸ್ ಬರ್ದಿಟ್ಕೊಳ್ಳೋ ಬದ್ಲು ಎನ್‌ವಿಆರ್‌ನಲ್ಲೇ ಡಿಡಿಎನ್‌ಎಸ್, ಅಂದ್ರೆ ಅಡ್ರೆಸ್ ಬದಲಾದ್ರೂ ಒಂದೇ ಹೆಸರಲ್ಲಿ ಸಿಗೋ ಹಾಗೆ ಮಾಡೋ ಸೇವೆ, ಹಾಕ್ಕೊಳಿ, ಅದು ವಿ6ನ ಎಎಎಎ ರೆಕಾರ್ಡ್ ಅಪ್‌ಡೇಟ್ ಮಾಡುತ್ತಾ ಅಂತ ನೋಡಿ, ಬರೀ ವಿ4ನ ಎ ರೆಕಾರ್ಡ್ ಮಾಡೋದಾದ್ರೆ ಮತ್ತೆ ಅದೇ ಗೇಟ್ ಹತ್ರ ನಿಲ್ತೀರಿ.