ಸಹಾಯ ಬೇಕು: ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ ಆನ್‌ಲೈನ್‌ನಲ್ಲಿ ಮಾರೋರು ಯಾರಾದ್ರೂ ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಮ್ಮದು ಸಾಗರದ ಹತ್ತಿರ ಒಂದು ಹಳ್ಳಿ. ಮನೆಯಲ್ಲೇ ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಎರಡು ಆನ್‌ಲೈನ್ ತಾಣಗಳಲ್ಲಿ ಮಾರುತ್ತಿದ್ದೇನೆ. ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ, ಜಿಎಸ್‌ಟಿ ಎಲ್ಲ ಆಗಿದೆ.

ಹಪ್ಪಳದ್ದೇ ದೊಡ್ಡ ತಲೆನೋವು. ಅರ್ಧ ಕೆಜಿ ಹಪ್ಪಳ ಮುರಿಯಬಾರದು ಅಂತ 30×25×15 ಸೆಂ.ಮೀ. ರಟ್ಟಿನ ಡಬ್ಬದಲ್ಲಿ ಪೇಪರ್ ತುರುಕಿ ಕಳಿಸುತ್ತೇನೆ. ಕೊರಿಯರ್‌ನವರು ಉದ್ದ, ಅಗಲ, ಎತ್ತರ ಗುಣಿಸಿ 5000ದಿಂದ ಭಾಗಿಸಿ, ಬಂದದ್ದನ್ನೇ ಕೆಜಿ ತೂಕ ಅಂತ ಹಿಡಿಯುತ್ತಾರೆ. ಬಿಲ್ಲು 2.25 ಕೆಜಿಗೆ! ಗಾಳಿಗೂ ದುಡ್ಡು. ಕಮಿಷನ್ ಕಳೆದರೆ ಕೈಗೆ ಉಳಿಯುವುದು ಅಷ್ಟಕ್ಕಷ್ಟೇ. ಸಣ್ಣ ಡಬ್ಬಕ್ಕೆ ಹಾಕಿದರೆ ಅಂಚೆಲ್ಲ ಪುಡಿ. ಗಿರಾಕಿ ಫೋಟೊ ಹಾಕಿ ಒಂದು ಸ್ಟಾರ್ ಕೊಡುತ್ತಾರೆ. ಅವರದ್ದೇನು ತಪ್ಪು, ಅಲ್ವಾ? ಹಪ್ಪಳದ ಅಳತೆಗೇ ಸರಿಯಾಗುವ ದಪ್ಪ ಪೇಪರ್ ಟ್ಯೂಬ್ ಯಾರಾದರೂ ಬಳಸಿದ್ದೀರಾ? ಮಳೆಗಾಲದಲ್ಲಿ ಥಂಡಿ ಹಿಡಿಯುತ್ತಾ? ಶಿವಮೊಗ್ಗದಲ್ಲಿ ನೂರಿನ್ನೂರು ಟ್ಯೂಬ್ ಮಾತ್ರ ಕೊಡುವ ಅಂಗಡಿ ಇದೆಯಾ?

ಇನ್ನೊಂದು, ಸ್ಟಾಕ್ ವಿಷಯ. ಮಿಡಿ ಸೀಸನ್ ಮುಗಿದರೆ ಉಪ್ಪಿನಕಾಯಿ ಮತ್ತೆ ಹಾಕಲಿಕ್ಕಾಗಲ್ಲ. ಒಂದು ಕಡೆ ಕೊನೆಯ ಬಾಟಲಿ ಖಾಲಿಯಾದ ಕೂಡಲೇ ಇನ್ನೊಂದು ಕಡೆ ಸೊನ್ನೆ ಮಾಡದಿದ್ದರೆ ಆರ್ಡರ್ ಬಿದ್ದೇ ಬಿಡುತ್ತದೆ. ಕ್ಯಾನ್ಸಲ್ ಮಾಡಿದರೆ ರೇಟಿಂಗ್ ಹೋಯ್ತು. ಜೋರು ಮಳೆಯಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಸದ್ಯಕ್ಕೆ ಸ್ಟಾಕನ್ನು ಎರಡೂ ಕಡೆ ಅರ್ಧರ್ಧ ಹಂಚಿದ್ದೇನೆ. ಇದಕ್ಕಿಂತ ಒಳ್ಳೆ ದಾರಿ ಇದ್ದರೆ ಹೇಳಿ. ಸಾವಿರಾರು ರೂಪಾಯಿಯ ಸಾಫ್ಟ್‌ವೇರ್ ಮಾತ್ರ ಬೇಡ, ಫೋನಲ್ಲೇ ಆಗುವಂಥದ್ದು ಸಾಕು.